ಸಾಯುವವರ ಹೆಬ್ಬೆಟ್ಟು

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ನನ್ನ ಚಿಕ್ಕವ್ವನದಾಗಿತ್ತು. ಗರ್ಭಕೋಶದ ಬಾಯಿಯ ಕ್ಯಾನ್ಸರು. ರಕ್ತ ಹೋಗುತ್ತಿದ್ದರೂ ಯಾರಿಗೂ ಹೇಳದೆ ಒಂದೂವರೆ ವರ್ಷ ಕಳೆ ಕಿತ್ತು, ಕಬ್ಬು ಕಡಿದು, ಕೊನೆಗೆ ಗದ್ದೆಯ ಬದುವಿನ ಮೇಲೆ ಬಿದ್ದಾಗ ನಾವು ಎತ್ತಿಕೊಂಡು ಬಂದಿದ್ದೆವು. ಕರೆಂಟು ಕೊಟ್ಟರು. ಆಮೇಲೆ ಒಂದು ದಿನ ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, ಇನ್ನು ನೋವು ಕಮ್ಮಿ ಮಾಡುವುದಷ್ಟೇ ನಮ್ಮ ಕೈಲಿರುವುದು ಎಂದರು. ಚಿಕ್ಕವ್ವನಿಗೆ ನಾವು ಹೇಳಿದ್ದು 'ಹೊಟ್ಟೇಲಿ ಹುಣ್ಣಾಗದೆ, ವಾಸಿ ಆಯ್ತದೆ' ಎಂದು.

ಅದೇ ವಾರ ಒಬ್ಬಳು ಹುಡುಗಿ ಬಂದಳು. ಯೂನಿವರ್ಸಿಟಿಯವಳು. ಹೆಗಲಲ್ಲಿ ಚೀಲ, ಕೈಯಲ್ಲಿ ಫೈಲು, ಫೈಲಿನೊಳಗೆ ಅಚ್ಚು ಹಾಕಿಸಿದ ಪ್ರಶ್ನೆಗಳು. ಗುಣವಾಗದ ಕಾಯಿಲೆಯಲ್ಲಿ ಮಲಗಿದವರ ನೋವು, ಮನಸ್ಸು, ಮನೆಯ ಕಷ್ಟಗಳನ್ನು ಕುರಿತು ಸಂಶೋಧನೆ ಮಾಡುತ್ತಿದ್ದಳು. ನನ್ನನ್ನು ನೋಡಿ, 'ಸರ್, ಅಮ್ಮನ ಹತ್ರ ಮಾತಾಡಬಹುದಾ?' ಎಂದಳು. ಮಾತಾಡಿ, ಆದರೆ ಕಾಯಿಲೆ ಹೆಸರು ಎತ್ತಬೇಡಿ ಎಂದೆ. ಹುಡುಗಿ ಪೆಚ್ಚಾಗಿ ಕೈಲಿದ್ದ ಒಪ್ಪಿಗೆ ಪತ್ರವನ್ನು ನೋಡಿದಳು. ಅದರ ಮೊದಲ ಸಾಲಿನಲ್ಲೇ ಕಾಯಿಲೆಯ ಹೆಸರಿತ್ತು. ಅದು ಗುಣವಾಗದ್ದೆಂಬ ಮಾತೂ ಇತ್ತು.

ಆಗ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆದೇ ತೀರಬೇಕು. ಪತ್ರವನ್ನು ಅವಳ ಕೈಯಿಂದ ಇಸಕೊಂಡು ನಾನೇ ಓದಿ ಹೇಳಿದೆ. ಓದಿದ್ದು ಎಲ್ಲಿ? ಅಲ್ಲೊಂದು ಇಲ್ಲೊಂದು ಸಾಲು ಹಾರಿಸಿ, 'ಚಿಕ್ಕವ್ವ, ಕಾಯಿಲೆಯೋರ ಕಷ್ಟ ಸುಖ ಬರ್ಕೋತಾರಂತೆ' ಎಂದು ಮುಗಿಸಿದೆ. ಚಿಕ್ಕವ್ವ ಕೇಳಿದ್ದು ಒಂದೇ ಮಾತು: 'ಹೂಂ ಅಂದ್ರೆ ದೊಡ್ ಡಾಕ್ಟ್ರು ಬಿರ್‍ರನೆ ನೋಡ್ತಾರಾ?' ಹಾಗೇನಿಲ್ಲಮ್ಮ ಎಂದಳು ಹುಡುಗಿ, ಸುಳ್ಳು ಹೇಳದೆ. ಚಿಕ್ಕವ್ವ ನನ್ನ ಮುಖ ನೋಡಿ, 'ನೀ ಹೇಳ್ದಂಗೆ ಮಗ' ಎಂದಳು. ಹುಡುಗಿ ಇಂಕಿನ ಪ್ಯಾಡು ತೆರೆಯುವ ಮೊದಲೇ ಚಿಕ್ಕವ್ವನ ಎಡಗೈ ಹೆಬ್ಬೆಟ್ಟು ತಾನಾಗಿ ಮೇಲೆದ್ದಿತ್ತು.

ಆ ಹೆಬ್ಬೆಟ್ಟನ್ನು ನಾನು ಇವತ್ತಿಗೂ ಮರೆತಿಲ್ಲ.

*

ಅದು ಹಾಗೆ ಮೇಲೆದ್ದದ್ದನ್ನು ನಾನು ಹಿಂದೆಯೂ ಕಂಡಿದ್ದೆ. ನಾನಿನ್ನೂ ಚಡ್ಡಿ ಹಾಕುವ ವಯಸ್ಸು. ಚಿಕ್ಕಪ್ಪ ಮದುವೆಗೆಂದು ತಂದ 300 ರೂಪಾಯಿ ಸಾಲಕ್ಕೆ ಜೀತವಿದ್ದ. ವರ್ಷಕ್ಕೊಮ್ಮೆ ಗೌಡರ ಜಗಲಿಯ ಕೆಳಗೆ ಗಂಡ ಹೆಂಡಿರಿಬ್ಬರೂ ನಿಂತುಕೊಳ್ಳುವರು. ಮೇಲಿನಿಂದ ಕಾಗದ ಬರುವುದು. ಅದರಲ್ಲೇನಿದೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಕೇಳಿದರೆ ಅದು ಅಹಂಕಾರ. ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಬರುವರು. 1975ರಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ನಿರ್ಮೂಲನದ ಕಾನೂನೇ ಆಯಿತು. ಕಾಗದ ಹರಿಯಿತು, ನಿಜ. ಆದರೆ ಕುರ್ಚಿಯ ಮೇಲೆ ಕೂತವರು ಕಾಗದ ಚಾಚಿದ ಕೂಡಲೆ ತಾನಾಗಿ ಮೇಲೇಳುವ ಈ ಹೆಬ್ಬೆಟ್ಟನ್ನು ಇಳಿಸುವ ಕಾನೂನು ಯಾವುದು?

ಸಂಶೋಧನೆಯ ನೀತಿಸಂಹಿತೆಗಳೆಲ್ಲ 'ಸ್ವಇಚ್ಛೆಯ ಒಪ್ಪಿಗೆ' ಎಂಬ ಕಲ್ಲಿನ ಮೇಲೆ ನಿಂತಿವೆ. ನಾಜಿ ವೈದ್ಯರ ವಿಚಾರಣೆ ಮುಗಿದಾಗ, 1947ರಲ್ಲಿ, ನ್ಯೂರೆಂಬರ್ಗಿನ ನ್ಯಾಯಾಲಯ ಹಾಕಿಕೊಟ್ಟ ಮೊದಲ ಕಟ್ಟಳೆಯೇ ಅದು. 1964ರ ಹೆಲ್ಸಿಂಕಿ ಘೋಷಣೆ ಅದನ್ನು ವೈದ್ಯರ ಲೋಕಕ್ಕೆಲ್ಲ ಹೇಳಿತು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಒಂದು ನೀತಿ ಹೇಳಿಕೆಯನ್ನು ಹೊರಡಿಸಿತು. ಅದರ 2017ರ ಮಾರ್ಗಸೂಚಿ ಸಾವಿನ ಹತ್ತಿರವಿರುವ ರೋಗಿಗಳನ್ನು ವಿಶೇಷ ಎಚ್ಚರಿಕೆ ಬೇಕಾದವರ ಪಟ್ಟಿಯಲ್ಲಿ ಸೇರಿಸಿದೆ. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಬಂಧಪಡದ ಒಬ್ಬ ಸಾಕ್ಷಿ ಇರಬೇಕೆಂದೂ ಹೇಳಿದೆ. ಕಟ್ಟಳೆಗೆ ಬಡತನವಿಲ್ಲ. ಆದರೆ ಅಂದು ಆ ಮಂಚದ ಪಕ್ಕದಲ್ಲಿದ್ದ ಸಾಕ್ಷಿ ಯಾರು? ನಾನು. ಸಾಲು ಹಾರಿಸಿ ಓದಿದ ಮೇಷ್ಟ್ರು. ಗೌಡರ ಜಗಲಿಯ ಮೇಲೆ ಪತ್ರ ಓದಿ ಹೇಳುತ್ತಿದ್ದ ಶಾನುಭೋಗನಿಗೂ ನನಗೂ ಏನು ವ್ಯತ್ಯಾಸ? ಪ್ರೀತಿಯಿಂದ ಮಾಡಿದೆ ಎನ್ನಬಹುದು. ಪ್ರೀತಿಯಿಂದ ಮಾಡಿದರೂ ಅವಳಿಗೆ ಸೇರಬೇಕಾದ ಮಾತನ್ನು ನಾನು ನುಂಗಿದ್ದೆ.

ಹಾಗಾಗಿ ನನ್ನ ಪ್ರಶ್ನೆ ಇದು. ಜೀವಮಾನವಿಡೀ 'ಇಲ್ಲ' ಎನ್ನಲು ಬಿಡದೆ ಬೆಳೆಸಿದ ಮನುಷ್ಯರ ಬಾಯಿಂದ, ಅವರು ಸಾಯುವ ಮಂಚದ ಮೇಲೆ ಮಲಗಿರುವಾಗ, ಪಡೆಯುವ 'ಹೂಂ' ಒಪ್ಪಿಗೆಯೇ?

*

ಇದು ಬರಿಯ ನಮ್ಮ ಕೇರಿಯ ಪ್ರಶ್ನೆಯಲ್ಲ. ಶೀಮೆಯಾಚೆಗೂ ಇದರ ಬೇರುಗಳಿವೆ.

1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಕರಿಯರಿಗೆಂದೇ ಬೇರೆ ಮಾಡಿಟ್ಟ ವಾರ್ಡಿನಲ್ಲಿ, ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿ ಮಲಗಿದ್ದಳು. ಐದು ಮಕ್ಕಳು. ವಯಸ್ಸು 31. ಅವಳದೂ ನನ್ನ ಚಿಕ್ಕವ್ವನದೇ ಕಾಯಿಲೆ. ಚಿಕಿತ್ಸೆಯ ಹೊತ್ತಿನಲ್ಲಿ ಅವಳ ಗಡ್ಡೆಯ ಒಂದು ಚೂರನ್ನು ತೆಗೆದು ಪ್ರಯೋಗಾಲಯಕ್ಕೆ ಕೊಟ್ಟರು. ಅವಳನ್ನು ಕೇಳಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಅವಳು ಸತ್ತಳು. ಅವಳ ಜೀವಕೋಶಗಳು ಮಾತ್ರ ಸಾಯಲಿಲ್ಲ. 'ಹೀಲಾ' ಎಂಬ ಹೆಸರಿನಲ್ಲಿ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಬೆಳೆದವು, ಪೋಲಿಯೋ ಲಸಿಕೆಯ ಪರೀಕ್ಷೆಗೆ ನೆರವಾದವು, ಮಾರಾಟದ ಸರಕೂ ಆದವು. ಮನೆಯವರಿಗೆ ವಿಷಯ ಗೊತ್ತಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕೋಶಗಳನ್ನು ಮಾರುತ್ತಿದ್ದ ಒಂದು ದೊಡ್ಡ ಕಂಪನಿ ಅವಳ ವಂಶದವರೊಂದಿಗೆ ರಾಜಿಯಾದದ್ದು 2023ರಲ್ಲಿ.

ಕತೆ ಅಷ್ಟಕ್ಕೇ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಚೆಸ್ಟರ್ ಸೌದಮ್ ಎಂಬ ದೊಡ್ಡ ಸಂಶೋಧಕ, 1950ರ ದಶಕದಲ್ಲಿ, ಇದೇ ಹೆನ್ರಿಯೆಟಾಳ ಕ್ಯಾನ್ಸರ್ ಕೋಶಗಳನ್ನು ಸಾಯುತ್ತಿದ್ದ ಬೇರೆ ಕ್ಯಾನ್ಸರ್ ರೋಗಿಗಳ ಮೈಗೆ ಸೂಜಿಯಲ್ಲಿ ಚುಚ್ಚಿ ಏನಾಗುತ್ತದೆಂದು ನೋಡಿದ. ಕೇಳದೆ ತೆಗೆದುಕೊಂಡದ್ದನ್ನು ಹೇಳದೆ ಚುಚ್ಚಿದರು! 1963ರ ಜುಲೈನಲ್ಲಿ ಬ್ರೂಕ್ಲಿನ್ನಿನ, ದೀರ್ಘಕಾಲದ ರೋಗಿಗಳ ಒಂದು ಆಸ್ಪತ್ರೆಯಲ್ಲಿ, 22 ಜನ ಕಾಯಿಲೆಯಿಂದ ಜರ್ಜರಿತರಾದವರಿಗೆ ಅವನ ಪ್ರಯೋಗಕ್ಕಾಗಿ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಯಿತು. ಅವರಿಗೆ ಹೇಳಿದ್ದು, ನಿಮ್ಮ ಮೈಯ ಶಕ್ತಿಯ ಪರೀಕ್ಷೆ ಎಂದಷ್ಟೇ. ಕ್ಯಾನ್ಸರ್ ಎಂಬ ಮಾತನ್ನೇಕೆ ಬಿಟ್ಟಿರಿ ಎಂದರೆ, ಸುಮ್ಮನೆ ಹೆದರುತ್ತಾರೆ ಎಂಬುದು ಉತ್ತರ. ಮೂವರು ಎಳೆಯ ವೈದ್ಯರು ಚುಚ್ಚಲಾರೆವೆಂದು ಹೇಳಿ ಕೆಲಸ ಬಿಟ್ಟು ಹೊರಟರು. ವಿಷಯ ಬಯಲಾಯಿತು, ವಿಚಾರಣೆ ನಡೆಯಿತು, ಸೌದಮನಿಗೆ ಒಂದು ವರ್ಷದ ಎಚ್ಚರಿಕೆಯ ಶಿಕ್ಷೆಯಾಯಿತು. 1968ರಲ್ಲಿ ಅದೇ ಮನುಷ್ಯ ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘದ ಅಧ್ಯಕ್ಷನಾಗಿ ಆಯ್ಕೆಯಾದ.

'ಹೆದರುತ್ತಾರೆ, ಅದಕ್ಕೇ ಹೇಳಲಿಲ್ಲ.' ಓದುಗ ಗೆಳೆಯರೇ, ಈ ಮಾತನ್ನು ಓದಿದಾಗ ನನ್ನ ಬೆನ್ನು ತಣ್ಣಗಾಯಿತು. ನಾನು ಆ ಹುಡುಗಿಗೆ ಹೇಳಿದ್ದೂ ಇದೇ ಮಾತಲ್ಲವೆ?

ಅಲಬಾಮ ರಾಜ್ಯದ ಟಸ್ಕೀಗೀಯಲ್ಲಿ ನಡೆದದ್ದು ಇನ್ನೂ ಕ್ರೂರ. 1932ರಿಂದ 1972ರವರೆಗೆ, ನಲವತ್ತು ವರ್ಷ, ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ಸುಮಾರು 400 ಬಡ ಕರಿಯ ಗಂಡಸರನ್ನು ಚಿಕಿತ್ಸೆ ಕೊಡದೆ ನೋಡುತ್ತ ಕೂತಿತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಒಳಗೊಳಗೇ ಹೇಗೆ ತಿನ್ನುತ್ತದೆ ಎಂದು ತಿಳಿಯಲು ಅವರಿಗೆ ಹೆಣವೇ ಬೇಕಾಗಿತ್ತು. ಹಾಗಾಗಿ ಹೆಣ ಕೊಯ್ಯಲು ಒಪ್ಪಿದರೆ ಮಣ್ಣಿನ ಖರ್ಚು ಕೊಡುತ್ತೇವೆ ಎಂದರು. ಒಪ್ಪಿದರು. ಯಾಕೆ ಒಪ್ಪುವುದಿಲ್ಲ? ಗೇಣಿಯ ಹೊಲದಲ್ಲಿ ದುಡಿದು ಸತ್ತವನಿಗೆ ಮರ್ಯಾದೆಯ ಒಂದು ಮಣ್ಣು ಸಿಗುತ್ತದೆಂದರೆ ಅದು ಸಣ್ಣ ಆಸೆಯಲ್ಲ. ಮಣ್ಣು ಮಾಡಲು ಜಾಗವಿಲ್ಲದೆ ಹೆಣ ಹೊತ್ತುಕೊಂಡು ತಾಲ್ಲೂಕು ಕಚೇರಿಯ ಮುಂದೆ ಕೂತವರಿಗೆ ಈ ಆಸೆಯ ತೂಕ ಗೊತ್ತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದಾಗ ಆ ಪೈಕಿ ಬದುಕಿದ್ದವರು ಬೆರಳೆಣಿಕೆಯ ಮಂದಿ.

ಅದೇ 1997ರಲ್ಲಿ ನಮ್ಮ ದೇಶದ ಒಂದು ಸಂಗತಿಯೂ ಪತ್ರಿಕೆಗೆ ಬಂತು. 1976ರಿಂದ 1980ರ ದಶಕದ ಕೊನೆಯವರೆಗೆ ದೆಹಲಿಯಲ್ಲಿ, ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡಿದ್ದ 1,100ಕ್ಕೂ ಹೆಚ್ಚು ಹೆಂಗಸರನ್ನು, ಆ ಬದಲಾವಣೆ ಮುಂದೆ ಏನಾಗುತ್ತದೆಂದು ತಿಳಿಯಲು, ಚಿಕಿತ್ಸೆ ಕೊಡದೆ ನೋಡುತ್ತ ಹೋಗಲಾಗಿತ್ತು. ಕೆಲವರಲ್ಲಿ ಅದು ಕ್ಯಾನ್ಸರೇ ಆಯಿತು. ಲಿಖಿತ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ಅಲ್ಲಿ ಹೆಬ್ಬೆಟ್ಟೂ ಬೇಕಾಗಿರಲಿಲ್ಲ ಎಂದಾಯಿತು.

ಈ ಎಲ್ಲ ಕಡೆಯೂ ಒಂದೇ ನ್ಯಾಯ ಕೆಲಸ ಮಾಡಿದೆ: 'ಹೇಗೂ ಸಾಯುವವರು', 'ಹೇಗೂ ತಿಳಿಯದವರು', 'ಮುಂದಿನವರಿಗಾದರೂ ಒಳ್ಳೆಯದಾಗಲಿ'. ಆ ಮುಂದಿನವರು ಯಾರು? ಔಷಧಿ ಕೊಳ್ಳಲು ಕಾಸಿರುವವರು. ಹಿಂದಿನವರು ಯಾರು? ಅದನ್ನು ನಾನು ಹೇಳಬೇಕಾಗಿಲ್ಲ.

*

ಇಲ್ಲಿಗೆ ಬಂದ ಮೇಲೆ ಒಂದು ಸಲೀಸಾದ ತೀರ್ಮಾನ ನಮ್ಮನ್ನು ಕರೆಯುತ್ತದೆ. ಸಾಯುವವರನ್ನು ಸುಮ್ಮನೆ ಬಿಡಿ, ಪಾಪ, ಅವರನ್ನೇನೂ ಕೇಳಬೇಡಿ. ನಾನೂ ಹಾಗೇ ಅಂದುಕೊಂಡೆ. ಮಾರನೆಯ ದಿನ ಹುಡುಗಿ ಬಂದರೆ ಸಾಕು ಹೋಗಮ್ಮ ಎನ್ನಬೇಕೆಂದೂ ಇದ್ದೆ. ನನ್ನನ್ನು ತಡೆದದ್ದು ಚಿಕ್ಕವ್ವ. ಬೆಳಗಿನಿಂದ ಬಾಗಿಲ ಕಡೆ ನೋಡುತ್ತಿದ್ದವಳು ಹನ್ನೊಂದು ಗಂಟೆಗೆ ಕೇಳಿದಳು: 'ಆ ಮಗ ಇನ್ನೂ ಬರ್‍ನಿಲ್ವಾ?'

ನಾವು ದಿನವೂ ಬರುತ್ತಿದ್ದೆವು. ಎಳನೀರು ತರುತ್ತಿದ್ದೆವು. ಆದರೆ ಕೂತು ಕೇಳುತ್ತಿರಲಿಲ್ಲ. ಕೇಳಿದರೆ ಎಲ್ಲಿ ಆ ಮಾತು ಹೊರಬಿದ್ದೀತೋ ಎಂಬ ಭಯ. ಡಾಕ್ಟರು ಬರುತ್ತಿದ್ದರು, ಚೀಟಿ ನೋಡಿ ಹೋಗುತ್ತಿದ್ದರು. ಅವಳ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು, 'ನಿಮಗೆ ಹೇಗನ್ನಿಸುತ್ತೆ?' ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕಾದ ಮೊದಲ ಮನುಷ್ಯಳು ಆ ಹುಡುಗಿ.

1965ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯಲ್ಲಿ ಎಲಿಜಬೆತ್ ಕೂಬ್ಲರ್-ರಾಸ್ ಎಂಬ ವೈದ್ಯೆ ಸಾಯುತ್ತಿರುವವರೊಂದಿಗೆ ಮಾತಾಡಬೇಕೆಂದು ಹೊರಟಳು. ಧರ್ಮಶಾಸ್ತ್ರ ಓದುತ್ತಿದ್ದ ನಾಲ್ವರು ವಿದ್ಯಾರ್ಥಿಗಳು ಅವಳನ್ನು ಕೇಳಿಕೊಂಡಿದ್ದರು. ವಾರ್ಡು ವಾರ್ಡಿಗೆ ಹೋಗಿ ವಿಚಾರಿಸಿದರೆ ಸಿಕ್ಕ ಉತ್ತರವೇನು? ನಮ್ಮಲ್ಲಿ ಸಾಯುವವರು ಯಾರೂ ಇಲ್ಲ! ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಸಾಯುವವರೇ ಇಲ್ಲ. ಕೊನೆಗೂ ಒಬ್ಬ ಮುದುಕ ಸಿಕ್ಕ. ಅವನು ಈಗಲೇ ಕೂತುಕೊಳ್ಳಿ ಎಂದು ಕೈ ಚಾಚಿದ. ಇವಳು, ನಾಳೆ ವಿದ್ಯಾರ್ಥಿಗಳೊಂದಿಗೆ ಬರುತ್ತೇನೆ ಎಂದು ಹೊರಟುಬಿಟ್ಟಳು. ನಾಳೆ ಬರುವ ಹೊತ್ತಿಗೆ ಅವನಿಗೆ ಉಸಿರೇ ಭಾರವಾಗಿತ್ತು. ಪ್ರಯತ್ನ ಮಾಡಿದಿರಲ್ಲ ಎಂದು ಕೃತಜ್ಞತೆ ಹೇಳಿ, ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡ. ತನ್ನ ಈ ತಪ್ಪನ್ನು ಅವಳೇ 1969ರ ತನ್ನ ಪುಸ್ತಕದಲ್ಲಿ ಮುಚ್ಚದೆ ಬರೆದಳು. ಸಾಯುವವರ ಸಂಶೋಧನೆಯ ಮೊದಲ ಪಾಠ ಅಲ್ಲಿದೆ. ನಾವು ನಮ್ಮ ಟೈಮು ನೋಡಿಕೊಂಡು ಹೋಗುತ್ತೇವೆ. ಅವರ ಹತ್ತಿರ ಅಷ್ಟು ಟೈಮು ಇರುವುದಿಲ್ಲ.

ಅದಕ್ಕೂ ಮೊದಲೇ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬಾಕೆ ಸೇಂಟ್ ಜೋಸೆಫ್ ಎಂಬ ಬಡವರ ಆಶ್ರಯಧಾಮದಲ್ಲಿ, 1958ರಿಂದ ಕೆಲವು ವರ್ಷ, ಸಾಯುವವರ ಮಂಚದ ಪಕ್ಕದಲ್ಲಿ ಕೂತು ಕೇಳಿದಳು. ಕೆಲವರ ಮಾತುಗಳನ್ನು ಟೇಪ್ ಮಾಡಿಕೊಂಡಳು. ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟಳು. ಆ ಕೇಳುವಿಕೆಯಿಂದ ಎರಡು ಸಂಗತಿ ಹೊರಟವು. ಒಂದು, ನೋವು ಬಂದ ಮೇಲೆ ಬೇಡಿಸಿಕೊಂಡು ಕೊಡುವ ಬದಲು, ನೋವು ಬರುವ ಮೊದಲೇ ಗಂಟೆ ನೋಡಿ ಮಾರ್ಫಿನ್ ಕೊಟ್ಟರೆ ರೋಗಿ ಚಟಕ್ಕೆ ಬೀಳುವುದಿಲ್ಲ, ನೆಮ್ಮದಿಯಾಗಿ ಇರುತ್ತಾನೆ. ಎರಡು, ನೋವು ಎಂದರೆ ಮೈಯದಷ್ಟೇ ಅಲ್ಲ. ಮನೆಯ ಚಿಂತೆ, ಒಂಟಿತನ, ಬಾಳಿಗೆ ಅರ್ಥವೇನೆಂಬ ಸಂಕಟ ಎಲ್ಲ ಸೇರಿದ್ದೇ ಇಡಿಯಾದ ನೋವು. ಇದನ್ನು ಅವಳಿಗೆ ಕಲಿಸಿದ್ದು ಪುಸ್ತಕವಲ್ಲ, ರೋಗಿಗಳು. 1967ರಲ್ಲಿ ಅವಳು ಕಟ್ಟಿದ ಸೇಂಟ್ ಕ್ರಿಸ್ಟೋಫರ್ ಧಾಮ ಆ ಪಾಠದ ಮೇಲೆ ನಿಂತಿದೆ.

ಕೇಳದೆ ಬಿಟ್ಟಿದ್ದರೆ? ನಮ್ಮಲ್ಲಿ ಕೇಳದೆ ಬಿಟ್ಟದ್ದರ ಫಲ ಕಣ್ಣೆದುರಿಗಿದೆ. ಔಷಧಕ್ಕೆಂದು ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ದೇಶ ಇದು. 1985ರಲ್ಲಿ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಕೈಬಿಟ್ಟವು. ಆ ಕಾನೂನು ತಿದ್ದುಪಡಿಯಾದದ್ದು 2014ರಲ್ಲಿ. ನಡುವಿನ ಇಪ್ಪತ್ತೊಂಬತ್ತು ವರ್ಷ ಎಷ್ಟು ಜನ ಕಿರುಚಿ ಕಿರುಚಿ ಸತ್ತರು? ಲೆಕ್ಕವಿಲ್ಲ. ಯಾರೂ ಕೇಳದ ನೋವು ಯಾವ ಲೆಕ್ಕಕ್ಕೂ ಬರುವುದಿಲ್ಲ. ಲೆಕ್ಕಕ್ಕೆ ಬರದ ನೋವಿಗೆ ಸರ್ಕಾರ ಮಾತ್ರೆ ಕೊಡುವುದಿಲ್ಲ. ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಈ ನೋವನ್ನು ಕೇಳಲು ಕೂತರು. ಅದು ಊರೂರಿಗೆ ಹಬ್ಬಿ, 2008ರಲ್ಲಿ ಆ ರಾಜ್ಯ ಸರ್ಕಾರವೇ ಉಪಶಮನ ಆರೈಕೆಗೆ ಒಂದು ನೀತಿಯನ್ನು ಮಾಡಬೇಕಾಯಿತು.

ಆದ್ದರಿಂದ 'ಪಾಪ, ಅವರನ್ನು ಮುಟ್ಟಬೇಡಿ' ಎಂಬ ಕರುಣೆಯನ್ನೂ ಅನುಮಾನದಿಂದ ನೋಡಬೇಕಾಗಿದೆ. ಒಂದು ಕಾಲಕ್ಕೆ ಮೈಲಿಗೆ ಎಂದು ಮುಟ್ಟಲಿಲ್ಲ. ಈಗ ಪಾಪ ಎಂದು ಮುಟ್ಟುವುದಿಲ್ಲ. ಎರಡರಲ್ಲೂ ಆಚೆ ಕಡೆಯವರು ಒಂಟಿಯಾಗಿಯೇ ಉಳಿಯುತ್ತಾರೆ. ಸಾಯುವವರಿಗೆ ಅರಿವಿಲ್ಲ, ಅವರ ಪರವಾಗಿ ನಾವೇ ಬೇಡ ಎನ್ನುತ್ತೇವೆ ಎಂಬುದು, ಅವರ ಪರವಾಗಿ ನಾವೇ ಹೂಂ ಎನ್ನುತ್ತೇವೆ ಎಂಬುದರ ಒಡಹುಟ್ಟು.

*

ಹಾಗಾದರೆ ಕೇಳಬೇಕು. ಹೇಗೆ ಕೇಳಬೇಕು? ನಾನು ತತ್ವಶಾಸ್ತ್ರ ಓದಿದವನಲ್ಲ. ಆ ಮಂಚದ ಪಕ್ಕ ಎಂಟು ದಿನ ಕಂಡದ್ದನ್ನು ಹೇಳುತ್ತೇನೆ.

ಎರಡನೆಯ ದಿನ ಹುಡುಗಿ ನೋವಿನ ಅಳತೆ ಕೇಳಿದಳು. 'ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಹೇಳಿ ಅಮ್ಮ.' ಚಿಕ್ಕವ್ವ ಬೆರಳು ಮಡಚಿ ಬಿಡಿಸಿ ನೋಡಿ, 'ಲೆಕ್ಕ ಬರಕಿಲ್ಲ ಕಣವ್ವ. ಕೆಂಡದ್ ಮ್ಯಾಲೆ ಕುಂತಂಗದೆ' ಎಂದಳು. ಹುಡುಗಿ ಚೌಕದೊಳಗೆ ಅಂಕಿ ಬರೆಯದೆ ಪಕ್ಕದ ಖಾಲಿ ಜಾಗದಲ್ಲಿ ಆ ಮಾತನ್ನೇ ಬರೆದುಕೊಂಡಳು. ಆಮೇಲೆ ಪೆನ್ನು ಮುಚ್ಚಿಟ್ಟು, ಹೋಗಿ ನರ್ಸಮ್ಮನನ್ನು ಕರೆದುಕೊಂಡು ಬಂದು ಮಾತ್ರೆ ಕೊಡಿಸಿದಳು. ಅವತ್ತು ಮತ್ತೆ ಪ್ರಶ್ನೆ ಕೇಳಲಿಲ್ಲ. ಸಂಶೋಧಕಿ ನೋಡಬೇಕು, ಕೈ ಹಾಕಬಾರದು ಎಂಬುದು ಶಾಸ್ತ್ರವಂತೆ. ಆದರೆ ಕೆಂಡದ ಮೇಲೆ ಕೂತವರ ಮುಂದೆ ಪೆನ್ನು ಹಿಡಿದು ಕೂತರೆ ಅದು ಟಸ್ಕೀಗೀಯ ದಾರಿ. ಮೊದಲು ಕೆಂಡ ಆರಬೇಕು, ಪ್ರಶ್ನೆ ಆಮೇಲೆ.

ಮೂರನೆಯ ದಿನ ಜಾತಿಯ ಕಾಲಂ ಬಂತು. ಚಿಕ್ಕವ್ವ ಹೇಳಿದಳು. ಹೇಳಿ, 'ನೀನ್ ಯಾರ ಪೈಕಿ ಮಗ?' ಎಂದು ತಿರುಗಿ ಕೇಳಿದಳು. ಹುಡುಗಿ ತಡವರಿಸಿದಳು. ಅವಳ ಫೈಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಆಮೇಲೆ ತನ್ನ ಜಾತಿ, ತನ್ನ ಊರು, ತನ್ನ ಅಜ್ಜಿ ಇದೇ ಕಾಯಿಲೆಯಲ್ಲಿ ಹೋದದ್ದು ಎಲ್ಲವನ್ನೂ ಹೇಳಿದಳು. ಮೇಲುಜಾತಿಯವಳು. ಚಿಕ್ಕವ್ವ ಹೂಂಗುಟ್ಟುತ್ತ ಕೇಳಿಸಿಕೊಂಡಳು. ಅಲ್ಲಿಯವರೆಗೆ 'ತಾಯಿ', 'ಅವ್ವಾರೆ' ಎಂದು ಮೇಲಿಟ್ಟು ಕರೆಯುತ್ತಿದ್ದವಳು ಆಮೇಲೆ ಪೂರ್ತಿ 'ಮಗ' ಎಂದೇ ಕರೆದಳು. ಪ್ರಶ್ನೆ ಕೇಳುವವರು ಪ್ರಶ್ನೆಗೆ ಸಿಗಬೇಕು. ಸಿಗದವರು ಜಗಲಿಯ ಮೇಲೇ ಉಳಿಯುತ್ತಾರೆ, ಕೂತದ್ದು ಸ್ಟೂಲಿನ ಮೇಲಾದರೂ.

ಐದನೆಯ ದಿನ ನಾನು ಗಂಜಿ ತೆಗೆದುಕೊಂಡು ಬಂದಾಗ ಮಂಚಕ್ಕೆ ಪರದೆ ಎಳೆದಿತ್ತು. ಒಳಗಿನ ಮಾತು ಕಿವಿಗೆ ಬಿತ್ತು. ಚಿಕ್ಕವ್ವ ಹೇಳುತ್ತಿದ್ದಳು: 'ನಂಗೊತ್ತು ಕಣ್ ಮಗ, ಇದು ಆ ಕಾಯ್ಲೇನೆ. ಪಕ್ಕದ್ ಮಂಚದೋಳು ಹೋದಾಗ್ಲೇ ಗೊತ್ತಾಯ್ತು. ನಮ್ ಹುಡ್ಗ ಹುಣ್ಣು ಅಂತಾನೆ. ಅಂದ್ಕಳ್ಲಿ ಬುಡು. ನಂಗೊತ್ತು ಅಂತ ಅವನ್ಗೆ ಹೇಳ್ಬ್ಯಾಡ, ಎದೆ ಒಡ್ಕತಾನೆ.'

ನಾನು ಅವಳಿಗೆ ಹೆದರಿಕೆಯಾದೀತೆಂದು ಮುಚ್ಚಿಟ್ಟಿದ್ದೆ. ಅವಳು ನನಗೆ ಹೆದರಿಕೆಯಾದೀತೆಂದು ಮುಚ್ಚಿಟ್ಟಿದ್ದಳು. 1965ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಆಸ್ಪತ್ರೆಗಳಲ್ಲಿ ಕಂಡು ಬರೆದ 'ಪರಸ್ಪರ ನಟನೆ' ನಮ್ಮ ವಾರ್ಡಿನಲ್ಲೂ ನಡೆದಿತ್ತು. ಎರಡೂ ಕಡೆಯ ಗುಟ್ಟು ತಿಳಿದಿದ್ದವಳು ಆ ಹುಡುಗಿ ಒಬ್ಬಳೇ. ಅವಳು ಅವತ್ತು ಪರದೆ ಸರಿಸಿ ಹೊರಗೆ ಬಂದು ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಇಪ್ಪತ್ತೈದು ದಾಟದ ಹುಡುಗಿಯ ಮೇಲೆ ಎಂಥ ಭಾರ ಹೊರಿಸಿದ್ದೆವು ಎಂದು ಆಗ ತಿಳಿಯಿತು. ಮೆಟ್ಟಿಲ ಬಳಿ ಗೋಡೆಗೆ ಒರಗಿ ನಿಂತು ಅವಳು ಕಣ್ಣೊರೆಸಿಕೊಂಡದ್ದನ್ನೂ ನೋಡಿದೆ. ಸಾಯುವವರ ಹತ್ತಿರಕ್ಕೆ ಎಳೆಯರನ್ನು ಪ್ರಶ್ನೆಪತ್ರಿಕೆ ಕೊಟ್ಟು ಕಳಿಸುವ ಗುರುಗಳು, ಸಂಜೆ ಅವರನ್ನು ಕೂರಿಸಿಕೊಂಡು 'ಏನಾಯ್ತು ಮಗು' ಎಂದು ಕೇಳುತ್ತಾರೆಯೇ?

ಅವತ್ತು ರಾತ್ರಿ ನಾನು ಚಿಕ್ಕವ್ವನ ಕಾಲು ಒತ್ತುತ್ತ, 'ಚಿಕ್ಕವ್ವ, ನಾನು ಸುಳ್ ಹೇಳ್ದೆ' ಎಂದೆ. 'ಗೊತ್ತು ಬುಡು' ಎಂದಳು. ಅಷ್ಟೆ. ಉಳಿದಿದ್ದ ಮಾತುಗಳನ್ನು ಆಮೇಲೆ ಆಡಿದೆವು. ಗುಡಿಸಲು ಯಾರ ಹೆಸರಿಗೆ, ಮೇಕೆ ಯಾರಿಗೆ, ಮಣ್ಣು ಎಲ್ಲಿ.

*

ಏಳನೆಯ ದಿನ ಕೊನೆಯ ಹಾಳೆ ಬಂತು. ಅದರಲ್ಲಿ ಒಂದು ಪ್ರಶ್ನೆ: ಸಾವಿನ ಬಗ್ಗೆ ನಿಮಗೆ ಭಯವಿದೆಯೇ? ಹೆಚ್ಚು, ಸ್ವಲ್ಪ, ಇಲ್ಲ. ಈಗ ಮುಚ್ಚುಮರೆ ಏನೂ ಉಳಿದಿರಲಿಲ್ಲವಾದ್ದರಿಂದ ನಾನೂ ಅಲ್ಲೇ ಕೂತಿದ್ದೆ. ಕೇಳುವ ಮೊದಲು ಹುಡುಗಿ, 'ಅಮ್ಮ, ಇದಕ್ಕೆ ಹೇಳಬೇಕು ಅಂತಿಲ್ಲ. ಬೇಡ ಅಂದ್ರೆ ಬೇಡ' ಎಂದಳು. ಈ ಮಾತನ್ನು ಅವಳು ದಿನವೂ ಹೇಳುತ್ತಿದ್ದಳು. ಚಿಕ್ಕವ್ವ ಅದನ್ನು ಇದುವರೆಗೆ ಮರ್ಯಾದೆಯ ಮಾತೆಂದುಕೊಂಡಿದ್ದಳೇನೋ. ಅವತ್ತು ಮಾತ್ರ ಕಿಟಕಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು:

'ಅದೊಂದು ನಂದು ಕಣ್ ಮಗ. ಅದ್ನ ನಾನು ಯಾರ್ಗೂ ಕೊಡಕಿಲ್ಲ.'

ಕಾಗದ ಹಿಡಿದು ಬಂದವರಿಗೆ ನನ್ನ ಚಿಕ್ಕವ್ವ 'ಇಲ್ಲ' ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಹುಡುಗಿ ಆ ಪ್ರಶ್ನೆಯ ಎದುರಿಗೆ ಏನೂ ಬರೆಯದೆ ಫೈಲು ಮುಚ್ಚಿದಳು. ಎದ್ದು ಹೋಗಲಿಲ್ಲ, ಕೂತೇ ಇದ್ದಳು. ಚಿಕ್ಕವ್ವ ಅವಳ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡು ನಿದ್ದೆಹೋದಳು.

ನನಗೆ ಸಿಕ್ಕ ಉತ್ತರ ಅಲ್ಲಿದೆ. ಒಪ್ಪಿಗೆ ಎನ್ನುವುದು ಮೊದಲ ದಿನ ಒತ್ತಿಸಿಕೊಂಡು ಫೈಲಿಗೆ ಹಾಕುವ ಗುರುತಲ್ಲ. ಅದನ್ನು ದಿನವೂ ಕೇಳಬೇಕು, ಪ್ರಶ್ನೆ ಪ್ರಶ್ನೆಗೂ ಕೇಳಬೇಕು. ಬೇಡ ಎಂದರೆ ಮಾತ್ರೆ ನಿಲ್ಲುವುದಿಲ್ಲ, ಮುಖ ಸಿಂಡರಿಸುವುದಿಲ್ಲ, ಪಕ್ಕದಲ್ಲಿ ಕೂತವರು ಎದ್ದು ಹೋಗುವುದಿಲ್ಲ ಎಂಬ ನಂಬಿಕೆ ಹುಟ್ಟುವವರೆಗೆ ಆ ಮಂಚದಿಂದ ಬಂದ ಯಾವ 'ಹೂಂ'ಗೂ ಬೆಲೆಯಿಲ್ಲ. ಏಳನೆಯ ದಿನದ 'ಇಲ್ಲ' ಬಂದ ಮೇಲೆಯೇ ಹಿಂದಿನ ಆರು ದಿನದ 'ಹೂಂ' ನಿಜವಾಯಿತು.

ಎಂಟನೆಯ ದಿನ ಬೆಳಗಿನ ಜಾವ ಚಿಕ್ಕವ್ವ ಹೋದಳು. ನಾವು ಆಂಬುಲೆನ್ಸಿಗೆ ಕಾಯುತ್ತಿದ್ದಾಗ ಹುಡುಗಿ ಬಂದಳು. ಅವಳಿಂದಲೇ ತಿಳಿದದ್ದು: ಸಂಶೋಧನೆಯ ನಡುವೆ ಸತ್ತವರನ್ನು ಪಟ್ಟಿಯಲ್ಲಿ 'ಮಧ್ಯದಲ್ಲಿ ಬಿಟ್ಟವರು' ಎಂದು ಬರೆಯುತ್ತಾರಂತೆ. ಉತ್ತರ ಪೂರ್ತಿಯಾಗದ ಫಾರಮನ್ನು ಲೆಕ್ಕದಿಂದ ತೆಗೆಯಬೇಕೆಂದು ಅವಳ ಗೈಡು ಹೇಳಿದ್ದಾರಂತೆ. 'ಏನ್ ಮಾಡ್ಲಿ ಸರ್?' ಎಂದಳು.

ತೆಗೀಬೇಡಮ್ಮ ಎಂದೆ. ಆ ಖಾಲಿ ಬಿಟ್ಟ ಸಾಲನ್ನು ಹಾಗೇ ಅಚ್ಚು ಹಾಕಿಸು, ಅದು ಯಾಕೆ ಖಾಲಿ ಎಂದು ಕೆಳಗೆ ಬರಿ. ಕೆಂಡದ ಮಾತನ್ನೂ ಬರಿ. ಬರೆದದ್ದನ್ನು ಕನ್ನಡದಲ್ಲಿ ತಂದು ಆ ವಾರ್ಡಿನಲ್ಲಿ ಒಮ್ಮೆ, ನಮ್ಮ ಕೇರಿಯಲ್ಲಿ ಒಮ್ಮೆ ಓದಿ ಹೇಳು. ನಮ್ಮ ಹೆಂಗಸರು ರಕ್ತ ಕಂಡ ದಿನವೇ ಆಸ್ಪತ್ರೆಗೆ ಹೋಗಲು ಯಾಕೆ ಆಗುತ್ತಿಲ್ಲ ಎಂದೂ ಕೇಳು. ಅಷ್ಟು ಮಾಡಿದರೆ ನಿನ್ನ ಸಾಲ ತೀರುತ್ತದೆ. ಇಲ್ಲದಿದ್ದರೆ ಅದೂ ಒಂದು ಜೀತದ ಪತ್ರ.

ಅವಳು ತಲೆಯಾಡಿಸಿದಳು. ಚಿಕ್ಕವ್ವನ ಎಡಗೈ ಚಾದರದಿಂದ ಹೊರಗೆ ಬಂದಿತ್ತು. ಮೊದಲ ದಿನದ ಮಸಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಹುಡುಗಿ ತನ್ನ ನೀರಿನ ಬಾಟಲಿಯಿಂದ ಕರ್ಚೀಫು ಒದ್ದೆ ಮಾಡಿಕೊಂಡು ಆ ಹೆಬ್ಬೆಟ್ಟನ್ನು ಒರೆಸಿ, ಕೈಯನ್ನು ಚಾದರದೊಳಗೆ ಸೇರಿಸಿದಳು.